ನೆರೆಯಲ್ಲೊಂದು ಕೋವಿ

ಬೆಳಿಗ್ಗೆ ಎಂಟು ಗಂಟೆಗೆ ಧ್ವನಿವರ್ಧಕ ಕಟ್ಟಿದ ಜೀಪೊಂದು ಕೆಳಗಿನ ಬೀದಿಗೆ ಬಂದು, ಒಂದೇ ಉಸಿರಿನಲ್ಲಿ ಮೂರು ಸಂಗತಿ ಹೇಳಿ ಹೋಯಿತು. ಅಣೆಕಟ್ಟಿನ ಬಾಗಿಲು ತೆರೆದಿದ್ದಾರೆ, ಮಧ್ಯಾಹ್ನದೊಳಗೆ ಬೀದಿಗೆ ನೀರು ಬರುತ್ತದೆ. ಎಲ್ಲರೂ ದಿಬ್ಬದ ಮೇಲಿನ ಶಾಲೆಗೆ ಹೊರಡಬೇಕು. ಲೈಸೆನ್ಸು ಇರುವ ಕೋವಿಗಳನ್ನು ಹನ್ನೆರಡು ಗಂಟೆಯೊಳಗೆ ಪೊಲೀಸ್ ಠಾಣೆಗೆ ಒಪ್ಪಿಸಬೇಕು, ತಪ್ಪಿದರೆ ಜೈಲು.

ಬೀದಿಯ ಮೂವತ್ತೆರಡು ಮನೆಯವರೂ ಮೊದಲೆರಡು ಮಾತು ಕೇಳಿ ಗಂಟುಮೂಟೆ ಕಟ್ಟತೊಡಗಿದರು. ಮೂರನೆಯದು ಕಿವಿಗೆ ಬಿದ್ದದ್ದು ಲೈಬ್ರರಿಯವರೊಬ್ಬರಿಗೇ. ಹಲ್ಲುಜ್ಜುತ್ತಿದ್ದವರು ಬ್ರಷ್ಷನ್ನು ಬಾಯಲ್ಲೇ ಬಿಟ್ಟುಕೊಂಡು ಒಳಗೋಡಿ, ಮಲಗುವ ಕೋಣೆಯ ಬೀರುವಿನ ಮುಂದೆ ನಿಂತರು. ಅದರೊಳಗೆ, ಹೊದಿಕೆಗಳ ಹಿಂದೆ, ಒಂದು ಜೋಡುನಳಿಗೆ ಕೋವಿ ಇತ್ತು.

ಇಡೀ ಬೀದಿಯಲ್ಲಿ ಕೋವಿ ಇಟ್ಟುಕೊಳ್ಳಲು ಎಲ್ಲರಿಗಿಂತ ಕಡಿಮೆ ಲಾಯಕ್ಕಾದ ಮನುಷ್ಯ ಯಾರೆಂದು ಕೇಳಿದ್ದರೆ ಮಕ್ಕಳೂ ಅವರತ್ತಲೇ ಬೆರಳು ತೋರಿಸುತ್ತಿದ್ದವು. ಇಪ್ಪತ್ತೆರಡು ವರ್ಷದಿಂದ ಶಾಖಾ ಲೈಬ್ರರಿಯಲ್ಲಿ ಕೂತು ಜನಕ್ಕೆ ಸದ್ದು ಮಾಡಬೇಡಿ ಎನ್ನುವುದೇ ಅವರ ಉದ್ಯೋಗ. ತಾವೇ ಒಯ್ದ ಪುಸ್ತಕ ಒಂದು ದಿನ ತಡವಾದರೆ ತಮ್ಮ ಹೆಸರಿಗೆ ತಾವೇ ನೋಟೀಸು ಬರೆದುಕೊಳ್ಳುವ ಪೈಕಿ. ಕೋವಿ ಅವರ ದೊಡ್ಡಪ್ಪನದು. ಬೇಟೆಯ ಹುಚ್ಚಿನ ಆ ಮುದುಕ ಸಾಯುವಾಗ, "ಇದು ಮನೆತನದ ಮರ್ಯಾದೆ ಕಣೋ, ಬೇರೆಯವರ ಕೈಗೆ ಕೊಡಬೇಡ" ಎಂದು ಮಾತು ತೆಗೆದುಕೊಂಡಿದ್ದ. ಲೈಬ್ರರಿಯವರು ಲೈಸೆನ್ಸನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡ ಮರುದಿನವೇ ಉಳಿದಿದ್ದ ತೋಟಾಗಳನ್ನು ಠಾಣೆಗೆ ಒಪ್ಪಿಸಿ ಬಂದಿದ್ದರು. ಹನ್ನೊಂದು ವರ್ಷದಿಂದ ಕೋವಿಯ ಹೊಟ್ಟೆ ಖಾಲಿ. ಆದರೂ ಬೀರುವಿನ ಬಾಗಿಲು ತೆರೆಯುವಾಗ ಅವರು ಕೆಮ್ಮಿ ತೆರೆಯುತ್ತಿದ್ದರು, ಒಳಗೆ ಮಲಗಿದವರನ್ನು ಬೆಚ್ಚಿಬೀಳಿಸಬಾರದಲ್ಲ ಎನ್ನುವ ಹಾಗೆ.

"ಅಟ್ಟದ ಮೇಲೆ ಹಾಕಿ, ಬಾಗಿಲಿಗೆ ಬೀಗ ಜಡಿದು ಬನ್ರೀ," ಎಂದರು ಹೆಂಡತಿ, ಅತ್ತೆಯ ಬಟ್ಟೆಗಳನ್ನು ಚೀಲಕ್ಕೆ ತುರುಕುತ್ತ.

"ಜನ ಇಲ್ಲದ ಮನೆಯಲ್ಲಿ ಬಿಡೋ ಹಾಗಿಲ್ಲ ಕಣೇ. ಲೈಸೆನ್ಸ್ ಪುಸ್ತಕದ ಹಿಂದೆ ಏಳನೇ ನಿಯಮ. ಕಳುವಾದ್ರೆ ಮೂರು ವರ್ಷ."

"ಮೂರು ವರ್ಷ ಏನು?"

"ಒಳಗೆ."

ಪಕ್ಕದ ಕೋಣೆಯಿಂದ ಅಮ್ಮನ ಉಸಿರು ಹಳೆಯ ಬಾಗಿಲಿನ ಹಾಗೆ ಕಿರ್ರೆಂದಿತು. ಎಂಬತ್ತೊಂದು ವರ್ಷ, ದಮ್ಮಿನ ಕಾಯಿಲೆ, ಜೊತೆಗೆ ಕಿವಿಯೂ ಮಂದ. ತೇವದ ಗಾಳಿ ಬೀಸಿದರೆ ಸಾಕು, ಎದೆ ಕಟ್ಟಿಕೊಳ್ಳುತ್ತಿತ್ತು.

"ಅತ್ತೆ ದಮ್ಮಿನ ಪಂಪು ಕಿಟಕಿ ಕಟ್ಟೆ ಮೇಲಿದೆ. ಮರೀದೆ ಚೀಲಕ್ಕೆ ಹಾಕಿ," ಎಂದು ಹೇಳಿ ಹೆಂಡತಿ ಅಡುಗೆಮನೆಗೆ ಹೋದರು.

ಲೈಬ್ರರಿಯವರು "ಹೂಂ" ಅಂದರು. ಆದರೆ ಅವರ ಕೈ ಆಗಲೇ ಕೋವಿಯನ್ನು ಚಾಪೆಯಲ್ಲಿ ಸುತ್ತುತ್ತಿತ್ತು. ಚಾಪೆ ಗಿಡ್ಡ, ಕೋವಿ ಉದ್ದ. ಈ ಕಡೆ ಹಿಡಿ ಮುಚ್ಚಿದರೆ ಆ ಕಡೆ ಎರಡು ನಳಿಗೆ ಮೂಗಿನ ಹೊಳ್ಳೆಗಳ ಹಾಗೆ ಹೊರಬಂದು ಉಸಿರಾಡುತ್ತಿದ್ದವು. ಎಳೆದು, ಬಿಗಿದು, ಹಗ್ಗ ಸುತ್ತುತ್ತಿರುವಾಗ ಮೆಟ್ಟಿಲಿಳಿದು ಬಂದವರು ಮಹಡಿಮನೆಯ ವಕೀಲರು. ಮೂವತ್ತು ವರ್ಷ ಕಾಂಪೌಂಡ್ ಗೋಡೆಯ ತಕರಾರುಗಳನ್ನಷ್ಟೇ ನಡೆಸಿದ ಅವರು ಒಂದು ದೊಡ್ಡ ಕೇಸಿಗಾಗಿ ಮೂವತ್ತು ವರ್ಷದಿಂದ ಹಸಿದಿದ್ದರು.

"ಏನಿದು? ಕೊಡೋಕೆ ಹೊರಟ್ರಾ?" ಎಂದು ಬಾಗಿಲಲ್ಲೇ ಕೈ ಅಡ್ಡ ಹಿಡಿದರು. "ಆದೇಶ ಎಲ್ಲಿದೆ? ಬರಹದಲ್ಲಿ ತೋರಿಸಿ."

"ಜೀಪಲ್ಲಿ ಕೂಗಿದ್ರಲ್ಲ ವಕೀಲ್ರೇ."

"ಕೂಗಿದ್ದೆಲ್ಲ ಕಾನೂನಾ? ಹಂಗಾದ್ರೆ ತರಕಾರಿ ಗಾಡಿಯವನು ದಿನಾ ನಾಲ್ಕು ಕಾನೂನು ಮಾಡ್ತಾನೆ. ನೋಡಿ ಸಾರ್, ಪೊಲೀಸರು ಬರೋಕಾಗದ ಹೊತ್ತಲ್ಲಿ ಮನುಷ್ಯ ತನ್ನನ್ನ ತಾನು ಕಾಪಾಡ್ಕೊಳ್ಳಲಿ ಅಂತ ತಾನೇ ಲೈಸೆನ್ಸ್ ಕೊಟ್ಟಿರೋದು? ಅಂಥಾ ಹೊತ್ತು ಬಂದ ದಿನವೇ ಕಿತ್ಕೊಂಡ್ರೆ? ತಟ್ಟೆ ಇಟ್ಟು, ಬಡಿಸೋ ಹೊತ್ತಿಗೆ ತಟ್ಟೆ ಎತ್ಕೊಂಡ ಹಾಗಾಯ್ತು. ಇದು ನಿಮ್ಮ ಹಕ್ಕು!"

"ನನ್ನನ್ನ ಯಾರಿಂದಲೂ ಕಾಪಾಡ್ಕೊಳ್ಳೋದು ಬೇಡ. ಇದರಿಂದ ಕಾಪಾಡಿದ್ರೆ ಸಾಕು," ಎಂದರು ಲೈಬ್ರರಿಯವರು ಚಾಪೆಯನ್ನು ತೋರಿಸಿ.

ಎದುರುಮನೆಯ ಹಾರ್ಡ್‌ವೇರ್ ಅಂಗಡಿಯವರು ಅದೇ ಹೊತ್ತಿಗೆ ಗೋಣಿಚೀಲ ಕೇಳಲು ಬಂದವರು ನಳಿಗೆಗಳನ್ನು ಕಂಡು ಬಾಯಿ ತೆರೆದರು. "ಕೋವಿ! ಸಾರ್, ನಿಮ್ಮನೇಲಿ ಕೋವಿನಾ?"

"ಶ್ಶ್..." ಎಂದರು ಲೈಬ್ರರಿಯವರು.

ಅವರ ಆ "ಶ್ಶ್" ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕೆಲಸ ಮಾಡಲಿಲ್ಲ. ಐದು ನಿಮಿಷದಲ್ಲಿ ಬೀದಿಗೆ ಬೀದಿಯೇ ಅವರ ಅಂಗಳದಲ್ಲಿತ್ತು. ಅಣೆಕಟ್ಟಿನ ಕಡೆಯ ಮೇಲಿನ ಪೇಟೆಯಲ್ಲಿ ಕಳ್ಳರು ದೋಣಿಯಲ್ಲಿ ಬಂದು ಖಾಲಿ ಮನೆಗಳನ್ನು ಗುಡಿಸುತ್ತಿದ್ದಾರೆ ಎಂದು ಒಬ್ಬರು. ಆರು ಜನ ಎಂದು ಇನ್ನೊಬ್ಬರು. ಹನ್ನೆರಡು ಜನ, ಎಲ್ಲರ ಕೈಯಲ್ಲೂ ಮಚ್ಚು ಎಂದು ಮತ್ತೊಬ್ಬರು. ಇಲಿ ಹುಲಿಯಾಗಲು ಮೂರೇ ಬಾಯಿ ಸಾಕಾಯಿತು.

"ನಮ್ಮ ಬೀದಿಗೆ ಲೈಬ್ರರಿ ಸಾರ್ ಇರಬೇಕಾದ್ರೆ ಏನು ಭಯ!" ಎಂದು ಹಾರ್ಡ್‌ವೇರಿನವರು ಅವರ ಬೆನ್ನಿನ ಮೇಲೆ ಗುದ್ದಿದರು. ಗುದ್ದಿನ ರಭಸಕ್ಕೆ ಚಾಪೆ ಬಾಗಿ, ನಳಿಗೆಗಳು ಒಂದು ಸುತ್ತು ತಿರುಗಿದವು. ಜನವೆಲ್ಲ ಒಟ್ಟಿಗೆ ಕುಕ್ಕರುಗಾಲಲ್ಲಿ ಕೂತರು.

ಶಾಲೆಯ ಬಸ್ಸು ಮುದುಕರನ್ನೂ ಹೆಂಗಸರನ್ನೂ ಕರೆದೊಯ್ಯಲು ಬಂದು ಹಾರ್ನು ಬಾರಿಸಿತು. ಅಮ್ಮನನ್ನು ಕುರ್ಚಿಯ ಸಮೇತ ಎತ್ತಿ ಹತ್ತಿಸಿದರು. ಹೆಂಡತಿ ಕಿಟಕಿಯಿಂದ ತಲೆ ಹೊರಹಾಕಿ, "ಅದನ್ನ ಕೊಟ್ಟು ಬೇಗ ಬನ್ನಿ. ಅತ್ತೆ ನಿಮ್ಮನ್ನ ನೋಡದೆ ಒಂದು ಗುಟುಕು ನೀರೂ ಕುಡಿಯಲ್ಲ," ಎಂದರು. ಬಸ್ಸು ತಿರುವಿನಲ್ಲಿ ಮರೆಯಾಗುವಾಗ ಚರಂಡಿಯ ನೀರು ಹಿಂದಕ್ಕೆ ಹರಿಯುತ್ತಿರುವುದನ್ನು ಲೈಬ್ರರಿಯವರು ಗಮನಿಸಿದರು.

ಠಾಣೆಗೆ ಮುಕ್ಕಾಲು ಮೈಲಿ. ನೀರು ಪಾದ ಮುಳುಗಿಸಿ, ಮೀನಖಂಡಕ್ಕೇರಿತು. ಎದುರಾದವರೆಲ್ಲ ಚಾಪೆಯನ್ನು ನೋಡಿ, ನಳಿಗೆಗಳನ್ನು ನೋಡಿ, ರಸ್ತೆಯ ಆ ಬದಿಗೆ ಹೋದರು. ಲೈಬ್ರರಿಯವರು ಎಲ್ಲರಿಗೂ ತಲೆಬಾಗಿ ನಕ್ಕರು. ನಕ್ಕಷ್ಟೂ ಜನ ಬೇಗಬೇಗ ಸರಿದರು.

ಠಾಣೆಯ ಮೆಟ್ಟಿಲಿನ ಮೇಲೆ ಮರಳುಮೂಟೆ ಪೇರಿಸಿ, ಒಬ್ಬ ಮಹಿಳಾ ಪೇದೆ ಬಕೆಟ್ಟಿನಿಂದ ಒಳಗಿನ ನೀರನ್ನು ಹೊರಗೆ ಚೆಲ್ಲುತ್ತಿದ್ದರು. ಚೆಲ್ಲಿದ ನೀರು ಪಕ್ಕದ ಸಂದಿಯಿಂದ ಮತ್ತೆ ಒಳಗೆ ಬರುತ್ತಿತ್ತು.

"ಮೇಡಂ, ಕೋವಿ ಒಪ್ಪಿಸೋಕೆ ಬಂದಿದೀನಿ."

ಪೇದೆ ಬಕೆಟ್ಟು ಕೆಳಗಿಟ್ಟರು. "ಬೀದಿಯಲ್ಲಿ ಹಿಡ್ಕೊಂಡು ಬಂದ್ರಾ?"

"ಹೌದು."

"ಹತ್ತು ಗಂಟೆಯಿಂದ ಬೀದಿಯಲ್ಲಿ ಆಯುಧ ಹಿಡ್ಕೊಂಡು ಓಡಾಡೋದು ನಿಷೇಧ. ಈಗ ಹತ್ತೂವರೆ."

ಲೈಬ್ರರಿಯವರು ಚಾಪೆಯನ್ನು ಬೆನ್ನ ಹಿಂದೆ ಸರಿಸಿದರು. "ಮತ್ತೆ ಠಾಣೆಗೆ ತರೋದು ಹೇಗೆ ಮೇಡಂ?"

"ಅದನ್ನ ಆದೇಶದಲ್ಲಿ ಬರೆದಿಲ್ಲ."

"ಹೋಗಲಿ, ಈಗ ತಂದಾಯ್ತಲ್ಲ. ತಗೊಂಡ್ಬಿಡಿ."

"ಇನ್‌ಸ್ಪೆಕ್ಟರ್ ಇಲ್ಲದೆ ನಾನು ತಗೊಳ್ಳೋ ಹಾಗಿಲ್ಲ. ಅವರು ಜನರನ್ನ ಬಿಡಿಸೋಕೆ ನೀರಲ್ಲಿದ್ದಾರೆ. ರಸೀದಿ ಪುಸ್ತಕ ಜೀಪಲ್ಲಿದೆ, ಜೀಪು ಸೇತುವೆ ಹತ್ರ ಮುಳುಗಿದೆ. ಆಯುಧದ ಕೋಣೆ ನೋಡಿ, ಅಲ್ಲಿ." ಅವರು ತೋರಿಸಿದ ಕಡೆ, ನೆಲಮಾಳಿಗೆಯ ಮೆಟ್ಟಿಲ ಬುಡದಲ್ಲಿ, ಒಂದು ಕಬ್ಬಿಣದ ಬಾಗಿಲು ಸೊಂಟದವರೆಗೆ ನೀರಿನಲ್ಲಿ ನಿಂತಿತ್ತು. ಪೇದೆಗೆ ಅವರ ಮುಖ ನೋಡಿ ಕನಿಕರವಾಯಿತೋ ಏನೋ, ದನಿ ತಗ್ಗಿಸಿದರು. "ಬಂಧಿಸೋಣ ಅಂದ್ರೆ ಲಾಕಪ್ಪಲ್ಲೂ ನೀರಿದೆ. ನಾನು ನಿಮ್ಮನ್ನ ನೋಡಿಲ್ಲ. ನೀವು ಬಂದೇ ಇಲ್ಲ. ಹೋಗಿ."

ಮನೆಯಲ್ಲಿ ಬಿಡುವಂತಿಲ್ಲ, ಬೀದಿಯಲ್ಲಿ ಒಯ್ಯುವಂತಿಲ್ಲ, ಠಾಣೆಗೆ ಕೊಡುವಂತಿಲ್ಲ. ಮೂರು ಕಡೆಯಿಂದಲೂ ಕಾನೂನು, ನಾಲ್ಕನೆಯ ಕಡೆಯಿಂದ ನೀರು. ಲೈಬ್ರರಿಯವರು ಸಂದಿಗೊಂದಿ ಹಿಡಿದು ದಿಬ್ಬ ಹತ್ತಿದರು.

ಶಾಲೆಯ ಕಬ್ಬಿಣದ ಗೇಟಿನಲ್ಲಿ ಹೆಡ್‌ಮಿಸ್ಸು ನಿಂತಿದ್ದರು. ಕೈಯಲ್ಲಿ ಪಟ್ಟಿ, ಕತ್ತಿನಲ್ಲಿ ಸೀಟಿ. ಆರುನೂರು ಜನ ಆಗಲೇ ಒಳಗಿದ್ದರು, ಆರುನೂರು ಜನವೂ ಅವರ ಸೀಟಿಗೆ ಹೆದರುತ್ತಿದ್ದರು. ಪಕ್ಕದ ಕಪ್ಪುಹಲಗೆಯಲ್ಲಿ ಸೀಮೆಸುಣ್ಣದ ದುಂಡು ಅಕ್ಷರ: ಒಳಗೆ ಸ್ಟವ್, ಜಗಳ, ಆಯುಧ ತರುವಂತಿಲ್ಲ.

"ಚಾಪೇಲಿ ಏನು?"

ಸುಳ್ಳು ಹೇಳಲು ಲೈಬ್ರರಿಯವರು ಒಂದು ಕ್ಷಣ ಪ್ರಯತ್ನಪಟ್ಟರು. ಅಭ್ಯಾಸವಿರಲಿಲ್ಲ. "ಕೋವಿ ಮೇಡಂ. ಆದರೆ ಖಾಲಿ."

"ಖಾಲಿ ಅಂತ ಹೇಳಿದ ಕೋವಿಗಳೇ ಜಗತ್ತಿನಲ್ಲಿ ಜಾಸ್ತಿ ಜನರನ್ನ ಕೊಂದಿರೋದು. ಮಕ್ಕಳಿದಾರೆ ಒಳಗೆ. ಬಿಡಲ್ಲ."

ಅವರು ಹೇಳಿದ್ದು ಸರಿ ಎಂದು ಲೈಬ್ರರಿಯವರಿಗೂ ಅನ್ನಿಸಿತು. ಅದೇ ಅವರ ದೊಡ್ಡ ಕಷ್ಟ. ಯಾರು ಏನು ನಿಯಮ ಹೇಳಿದರೂ ಅವರಿಗೆ ಸರಿ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಗೇಟಿನ ಸರಳುಗಳ ಆಚೆ ಹೆಂಡತಿಯ ಮುಖ ಕಂಡಿತು. ಮುಖದಲ್ಲಿ ರಕ್ತವಿರಲಿಲ್ಲ.

"ಪಂಪು ಎಲ್ರೀ? ಚೀಲದಲ್ಲಿಲ್ಲ! ಅತ್ತೆಗೆ ದಮ್ಮು ಏರಿದೆ. ಇಲ್ಲಿ ನರ್ಸ್ ಹತ್ರ ಇದ್ದಿದ್ದೆಲ್ಲ ಮುಗಿದಿದೆಯಂತೆ, ಡಾಕ್ಟ್ರು ಬರೋದು ಸಂಜೆಗೆ!"

ಲೈಬ್ರರಿಯವರ ಕಣ್ಣ ಮುಂದೆ ಕಿಟಕಿ ಬಂತು, ಕಿಟಕಿಯ ಕಟ್ಟೆಯ ಮೇಲೆ ನೀಲಿ ಪಂಪು ಬಂತು, ಅದಕ್ಕೆ ಬೆನ್ನು ಹಾಕಿ ಚಾಪೆಗೆ ಹಗ್ಗ ಬಿಗಿಯುತ್ತಿದ್ದ ತಮ್ಮ ಕೈ ಬಂತು. ಒಳಗಿನ ಜಗಲಿಯಲ್ಲಿ ಅಮ್ಮ ಗೋಡೆಗೊರಗಿ ಕೂತು, ಎರಡೂ ಭುಜ ಎತ್ತಿ ಎತ್ತಿ ಗಾಳಿ ಹುಡುಕುತ್ತಿದ್ದುದು ಅಲ್ಲಿಂದಲೇ ಕಾಣುತ್ತಿತ್ತು.

ಲೈಬ್ರರಿಯವರು ತಿರುಗಿ ಇಳಿಜಾರಿನಲ್ಲಿ ಓಡಿದರು. ಓಡುವ ಮೊದಲು ಕೋವಿಯನ್ನು ಶಾಲೆಯ ಗೋಡೆಗೆ ಒರಗಿಸಿ ಹೋಗೋಣವೆಂದು ಒಮ್ಮೆ ಅನ್ನಿಸಿತ್ತು. ಗೇಟಿನ ಸುತ್ತ ಆಡುತ್ತಿದ್ದ ಮಕ್ಕಳನ್ನು ನೋಡಿ, ಬಿಡಲಾಗಿರಲಿಲ್ಲ.

ದಿಬ್ಬದ ಬುಡದಲ್ಲಿ ರಬ್ಬರ್ ದೋಣಿಯೊಂದು ಜನರನ್ನು ಇಳಿಸುತ್ತಿತ್ತು. "ಕೆಳಗಿನ ಬೀದಿಗೆ ಬಿಡಪ್ಪ, ನಮ್ಮಮ್ಮನ ಜೀವದ ಪ್ರಶ್ನೆ," ಎಂದು ಕಾಲಿಟ್ಟರು. ದೋಣಿಯವನು ಚಾಪೆಯ ತುದಿ ನೋಡಿ ಹುಟ್ಟನ್ನು ಅವರ ಎದೆಗೆ ಅಡ್ಡ ಹಿಡಿದ.

"ಅದು ಹತ್ತೋದಾದ್ರೆ ನಾನು ಇಳೀತೀನಿ. ರಬ್ಬರ್ ದೋಣಿ ಸ್ವಾಮಿ ಇದು. ಅದು ಒಂದ್ಸಲ ಸೀನಿದ್ರೆ ಹದಿನೈದು ಜನ ಮುಳುಗ್ತಾರೆ."

"ಹಾಗಾದ್ರೆ ನೀನೇ ಹೋಗಿ ಪಂಪು ತಂದ್ಕೊಡಪ್ಪ."

"ನನ್ನನ್ನ ಕಳಿಸಿರೋದು ಮೇಲಿನ ಪೇಟೆಗೆ. ಅಲ್ಲಿ ಗರ್ಭಿಣಿ ಒಬ್ಬರು ಅಟ್ಟದ ಮೇಲಿದಾರೆ. ಹೇಳಿ, ಯಾರನ್ನ ಬಿಡ್ಲಿ?"

ಲೈಬ್ರರಿಯವರು ಕಾಲು ಹಿಂತೆಗೆದುಕೊಂಡರು. ಚಾಪೆಯನ್ನು ತಲೆಯ ಮೇಲಿಟ್ಟು ನೀರಿಗಿಳಿದರು.

ಸೊಂಟದವರೆಗೆ ಬಂದ ನೀರು ಮಣ್ಣಿನ ಬಣ್ಣದ್ದು, ಎಳೆಯುವ ನೀರು. ಪ್ಲಾಸ್ಟಿಕ್ ಸ್ಟೂಲು, ಒಂದೊಂದೇ ಚಪ್ಪಲಿ, ಯಾರದೋ ಬಾಗಿಲ ಹಲಗೆ ಅವರಿಗೆ ತಾಗಿ ತಾಗಿ ಮುಂದೆ ಹೋದವು. ಪರಿಚಯದ ರಸ್ತೆಯಲ್ಲಿ ಗುಂಡಿಗಳು ಎಲ್ಲೆಲ್ಲಿವೆಯೆಂದು ನೆನಪು ಮಾಡಿಕೊಳ್ಳುತ್ತ, ಕಾಲಿನಿಂದ ನೆಲ ತಡಕುತ್ತ ಹೆಜ್ಜೆಯಿಟ್ಟರು. ಒಂದು ಕಡೆ ನೆಲವೇ ಸಿಗಲಿಲ್ಲ. ತಲೆ ಮುಳುಗಿ, ಬಾಯಿಗೆ ನೀರು ನುಗ್ಗಿ, ಏಳುವಾಗ ಜೇಬಿನ ಮೊಬೈಲು ಜಾರಿ ಹೋಗಿತ್ತು. ಕೋವಿ ಮಾತ್ರ ಕೈಬಿಟ್ಟಿರಲಿಲ್ಲ. ಬೇಡದ ನೆಂಟನ ಹಾಗೆ ಭುಜ ತಬ್ಬಿಕೊಂಡೇ ಇತ್ತು.

ಬೀದಿಯ ಬಾಯಿಗೆ ಬಂದಾಗ ಮೇಲಿನಿಂದ ಕೂಗು ಕೇಳಿತು.

"ಬಂದ್ರು! ಲೈಬ್ರರಿ ಸಾರ್ ಬಂದ್ರು!"

ಮಹಡಿಮನೆಯ ತಾರಸಿಯಲ್ಲಿ ಇಬ್ಬರಿದ್ದರು. ಅಂಗಡಿ ಕಾಯಲು ಉಳಿದ ಹಾರ್ಡ್‌ವೇರಿನವರು ಒಬ್ಬರು. ಮನೆ ಬಿಟ್ಟು ಹೊರಡಲು ಬರಹದಲ್ಲಿ ಆದೇಶ ಬರಲೆಂದು ಕಾಯುತ್ತಿದ್ದ ವಕೀಲರು ಇನ್ನೊಬ್ಬರು.

"ಸಾರ್, ಅಲ್ಲಿ! ಕಳ್ಳರು! ನನ್ನ ಅಂಗಡಿ!"

ಲೈಬ್ರರಿಯವರು ತಿರುಗಿ ನೋಡಿದರು. ಹಾರ್ಡ್‌ವೇರ್ ಅಂಗಡಿಯ ಕಂಬಕ್ಕೆ ಒಂದು ಮರದ ದೋಣಿ ಕಟ್ಟಿತ್ತು. ಕಪ್ಪು ರೇನ್‌ಕೋಟಿನ ಇಬ್ಬರು ಆಳುಗಳು, ಎತ್ತರದ ಜಗಲಿಯ ಮೇಲೆ ನಿಂತು, ಷಟರಿನ ಬೀಗಕ್ಕೆ ಕಬ್ಬಿಣದ ಹಾರೆ ಕೊಟ್ಟು ಮೀಟುತ್ತಿದ್ದರು. ಹಾರೆ ಒಂದು ಆಳಿನಷ್ಟು ಉದ್ದವಿತ್ತು. ಲೈಬ್ರರಿಯವರ ಮನೆ ಆ ಅಂಗಡಿಯ ಎದುರಿಗೇ. ಪಂಪಿಗೆ ಹೋಗಬೇಕೆಂದರೆ ಅವರ ಕಣ್ಣೆದುರೇ ಹೋಗಬೇಕು.

"ಹೊಡೀರಿ ಸಾರ್! ಕಾಲಿಗೆ ಹೊಡೀರಿ!" ಎಂದು ಹಾರ್ಡ್‌ವೇರಿನವರು ಕುಣಿದರು.

"ಮೊದಲು ಎಚ್ಚರಿಕೆ ಕೊಡಿ!" ಎಂದು ವಕೀಲರು ಬೊಬ್ಬೆ ಹಾಕಿದರು. "ಎಚ್ಚರಿಕೆ ಕೊಡದೆ ಹೊಡೆದ್ರೆ ಕೇಸು ನಿಲ್ಲಲ್ಲ! ಮೂರು ಸಲ ಕೊಡಿ! ನಾನು ಸಾಕ್ಷಿ!"

ಕೋವಿ ಖಾಲಿಯೆಂದು ಆ ಬೀದಿಯಲ್ಲಿ ಗೊತ್ತಿದ್ದದ್ದು ಒಬ್ಬರಿಗೇ. ಆ ಒಬ್ಬರು ನೀರಿನೊಳಗೆ ಒಂದು ಹೆಜ್ಜೆ ಹಿಂದಿಟ್ಟರು. ಓಡಿಹೋಗೋಣವೆಂದರೆ ಅಮ್ಮನ ಎತ್ತಿದ ಭುಜಗಳು ನೆನಪಾದವು. ಚಾಪೆಯ ಹಗ್ಗ ನೆನೆದು ಗಂಟು ಬಿಗಿದಿತ್ತು, ಬಿಚ್ಚಲಾಗಲಿಲ್ಲ. ಚಾಪೆಯ ಸಮೇತವೇ ಕೋವಿಯನ್ನು ಭುಜಕ್ಕೇರಿಸಿದರು. ಏನಾದರೂ ಗುಡುಗಬೇಕಿತ್ತು. ನಿಲ್ಲಿ, ಕೈ ಎತ್ತಿ, ಹೀಗೆ ಏನಾದರೂ. ಆದರೆ ಇಪ್ಪತ್ತೆರಡು ವರ್ಷದ ನಾಲಿಗೆಗೆ ಬರುತ್ತಿದ್ದದ್ದು ಒಂದೇ ವಾಕ್ಯ. ಅದೇ ಬಂತು.

"ದಯವಿಟ್ಟು ಸದ್ದು ಮಾಡಬೇಡಿ!"

ಇಬ್ಬರೂ ಬೆಚ್ಚಿ ತಿರುಗಿದರು. ತಮ್ಮ ಎದೆಯತ್ತ ನೆಟ್ಟ ಎರಡು ಕಪ್ಪು ತೂತುಗಳನ್ನು ಕಂಡರು. ಹಾರೆ ಗುಳುಂ ಎಂದು ನೀರಿಗೆ ಬಿತ್ತು. ನಾಲ್ಕು ಕೈ ಮೇಲೆದ್ದವು. ಬೀದಿ ನಿಜಕ್ಕೂ ನಿಶ್ಶಬ್ದವಾಯಿತು.

ಕೈ ಎತ್ತುವಾಗ ಒಬ್ಬನ ರೇನ್‌ಕೋಟಿನ ಟೋಪಿ ಹಿಂದಕ್ಕೆ ಜಾರಿತು. ಅದರಡಿ ಇನ್ನೊಂದು ಟೋಪಿಯಿತ್ತು. ಅದರ ಮೇಲೆ ಹಿತ್ತಾಳೆಯ ಬಿಲ್ಲೆ.

"ಇಳಿಸ್ರೀ ಅದನ್ನ!" ಎಂದು ಬಿಲ್ಲೆಯ ಕೆಳಗಿನ ಮುಖ ಕಿರುಚಿತು. "ಇನ್‌ಸ್ಪೆಕ್ಟರ್ ಕಣ್ರೀ ನಾನು! ದರ್ಜಿ ಓಣೀಲಿ ಹನ್ನೊಂದು ಜನ ಹೆಂಚಿನ ಮೇಲೆ ಕೂತಿದಾರೆ. ಹಗ್ಗ ಬೇಕು, ಅದಕ್ಕೆ ಬೀಗ ಒಡೀತಿದೀನಿ!"

ತಾರಸಿಯಿಂದ ವಕೀಲರು ಬಗ್ಗಿದರು. "ಬೀಗ ಒಡೆಯೋಕೆ ಬರಹದಲ್ಲಿ ಆದೇಶ..."

"ಬಾಯ್ಮುಚ್ರೀ ವಕೀಲ್ರೇ," ಎಂದು ಹಾರ್ಡ್‌ವೇರಿನವರೇ ಗದರಿ, ಬೀಗದ ಕೈಗೊಂಚಲನ್ನು ಮೇಲಿನಿಂದ ಎಸೆದರು. ಹನ್ನೊಂದು ಜನರಲ್ಲಿ ಅವರ ತಂಗಿಯ ಮನೆಯವರೂ ಇದ್ದರು.

ರೇನ್‌ಕೋಟಿನ ಇನ್ನೊಬ್ಬ, ಅವರ ಪೇದೆ, ಹಗ್ಗದ ಸುರುಳಿಗಳನ್ನು ದೋಣಿಗೆ ತುಂಬುವಾಗ ಇನ್‌ಸ್ಪೆಕ್ಟರು ಲೈಬ್ರರಿಯವರ ಮುಂದೆ ಬಂದು ನಿಂತರು. "ಕರ್ತವ್ಯದಲ್ಲಿದ್ದ ಅಧಿಕಾರಿಯ ಎದೆಗೆ ಗುರಿಯಿಟ್ರಿ. ಇದಕ್ಕೇನು ಶಿಕ್ಷೆ ಗೊತ್ತಾ?"

"ಗೊತ್ತು ಸಾರ್," ಎಂದರು ಲೈಬ್ರರಿಯವರು. ಅವರ ಕಣ್ಣಲ್ಲಿ ಬೆಳಗ್ಗಿನಿಂದ ಇಲ್ಲದ ಬೆಳಕು ಬಂದಿತ್ತು. "ಕೋವಿ ಜಪ್ತಿ ಮಾಡೋದು. ದಯವಿಟ್ಟು ಮಾಡಿ ಸಾರ್. ಕಾಲಿಗೆ ಬೀಳ್ತೀನಿ."

"ಕೊಡಬೇಡಿ!" ತಾರಸಿಯಿಂದ ದನಿ ಬಂತು. "ಅದು ನಿಮ್ಮ ಹಕ್ಕು!"

"ಅವರ ಮಾತು ಕೇಳ್ಬೇಡಿ ಸಾರ್. ತಗೊಳ್ಳಿ."

ಇನ್‌ಸ್ಪೆಕ್ಟರು ಚಾಕುವಿನಿಂದ ಹಗ್ಗ ಕೊಯ್ದು, ಕೋವಿಯನ್ನು ನಡುವಿಗೆ ಮಡಚಿ ನಳಿಗೆಯೊಳಗೆ ಇಣುಕಿದರು. ಖಾಲಿ. ಒಂದು ಸಲ ಕೋವಿಯನ್ನು ನೋಡಿದರು, ಒಂದು ಸಲ ನೆನೆದು ತೊಪ್ಪೆಯಾದ ಆ ಮನುಷ್ಯನನ್ನು ನೋಡಿದರು. "ಇದನ್ನ ಹಿಡ್ಕೊಂಡು ಹಾರೆ ಹಿಡಿದ ಇಬ್ಬರ ಮುಂದೆ ನಿಂತ್ರಾ?"

"ಅಮ್ಮನ ಪಂಪು ಒಳಗಿದೆ ಸಾರ್. ದಮ್ಮು."

ಇನ್‌ಸ್ಪೆಕ್ಟರು ಹಾರ್ಡ್‌ವೇರ್ ಅಂಗಡಿಯ ಬಿಲ್ ಪುಸ್ತಕದ ಹಾಳೆಯೊಂದನ್ನು ಹರಿದು, 'ಜೋಡುನಳಿಗೆ ಕೋವಿ ಒಂದು, ಸ್ವೀಕರಿಸಲಾಗಿದೆ' ಎಂದು ಬರೆದು ಸಹಿ ಹಾಕಿ ಕೊಟ್ಟರು. ಆ ಹಾಳೆಯನ್ನು ಲೈಬ್ರರಿಯವರು ಹಸುಗೂಸನ್ನು ಹಿಡಿಯುವ ಹಾಗೆ ಹಿಡಿದುಕೊಂಡರು.

ಬೀದಿಗಿಂತ ತಗ್ಗಿನಲ್ಲಿದ್ದ ಮನೆಯೊಳಗೆ ನೀರು ಎದೆಮಟ್ಟಕ್ಕೆ ಬಂದಿತ್ತು. ಕಿಟಕಿಯ ಕಟ್ಟೆ ಮುಳುಗಿತ್ತು, ಪಂಪು ಅಲ್ಲಿರಲಿಲ್ಲ. ಲೈಬ್ರರಿಯವರು ತೇಲುತ್ತಿದ್ದ ದಿಂಬುಗಳನ್ನು ಸರಿಸಿದರು, ಕುರ್ಚಿ ಸರಿಸಿದರು, ಬಾಗಿಲ ಹಿಂದೆ ಕೈಯಾಡಿಸಿದರು. ಹೊರಗೆ ಇನ್‌ಸ್ಪೆಕ್ಟರು, "ಬೇಗ ಬನ್ರೀ, ನೀರು ಏರ್ತಿದೆ!" ಎಂದು ಕೂಗುತ್ತಿದ್ದರು. ಕೊನೆಗೆ ಅಡುಗೆಮನೆಯ ಮೂಲೆಯಲ್ಲಿ, ಎರಡು ಪಾತ್ರೆಗಳ ನಡುವೆ, ನೀಲಿ ಪಂಪು ಏನೂ ಆಗಿಲ್ಲವೆಂಬಂತೆ ಮುಚ್ಚಳದ ಸಮೇತ ತೇಲುತ್ತಿತ್ತು.

ದೋಣಿ ಅವರನ್ನು ದಿಬ್ಬದ ಬುಡದಲ್ಲಿ ಇಳಿಸಿ ದರ್ಜಿ ಓಣಿಗೆ ತಿರುಗಿತು. ಲೈಬ್ರರಿಯವರು ಬರಿಗೈಯಲ್ಲಿ ದಿಬ್ಬ ಹತ್ತಿದರು. ಹೆಡ್‌ಮಿಸ್ಸು ಅವರ ಎರಡೂ ಕೈ ನೋಡಿ ಗೇಟು ತೆರೆದರು. ಅಮ್ಮ ಎರಡು ಸಲ ಪಂಪು ಒತ್ತಿಕೊಂಡು, ಮೂರನೆಯ ಉಸಿರಿಗೆ ಭುಜ ಇಳಿಸಿ, ನಾಲ್ಕನೆಯ ಉಸಿರಿಗೆ ಮಗನ ತಲೆ ಮುಟ್ಟಿ, "ಒದ್ದೆಯಾಗಿದೀಯಲ್ಲೋ, ಎಲ್ಲಿ ಆಡೋಕೆ ಹೋಗಿದ್ದೆ?" ಎಂದರು. ಹೆಂಡತಿ ಏನೂ ಬಯ್ಯಲಿಲ್ಲ. ಟವೆಲ್ಲಿನಿಂದ ಅವರ ತಲೆ ಒರೆಸುತ್ತ ಅತ್ತರು.

ಲೈಬ್ರರಿಯವರು ನಾಲ್ಕನೇ ತರಗತಿಯ ಬೆಂಚಿನ ಮೇಲೆ ಕಾಲು ಮಡಚಿ ಮಲಗಿದರು. ಹನ್ನೊಂದು ವರ್ಷದಲ್ಲಿ ಅಷ್ಟು ನೆಮ್ಮದಿಯ ನಿದ್ದೆ ಬಂದಿರಲಿಲ್ಲ.

ಐದು ಗಂಟೆಯ ಸುಮಾರಿಗೆ ಗೇಟಿನ ಹತ್ತಿರ ಚಪ್ಪಾಳೆಯ ಸದ್ದಾಗಿ ಲೈಬ್ರರಿಯವರು ಎದ್ದು ಬಂದರು. ದರ್ಜಿ ಓಣಿಯ ಹನ್ನೊಂದೂ ಜನ ಸುರಕ್ಷಿತವಾಗಿ ಬಂದಿದ್ದರು. ಅವರ ಹಿಂದೆ ಇನ್‌ಸ್ಪೆಕ್ಟರು. ಇನ್‌ಸ್ಪೆಕ್ಟರ ಹಿಂದೆ, ಪ್ಯಾಂಟು ಮೊಣಕಾಲಿಗೆ ಮಡಚಿ, ಮೊಬೈಲನ್ನು ಬಾವುಟದ ಹಾಗೆ ಎತ್ತಿ ಹಿಡಿದ ವಕೀಲರು.

"ಗೆದ್ವಿ ಸಾರ್!" ಎಂದು ಅವರು ಗೇಟಿನಿಂದಲೇ ಕೂಗಿದರು. "ನಿಮ್ಮ ಕೋವಿ ಕಿತ್ಕೊಂಡ ತಕ್ಷಣ ತಾರಸಿಯಿಂದಲೇ ನನ್ನ ಶಿಷ್ಯನಿಗೆ ಫೋನ್ ಮಾಡಿ ಕೇಸು ಹಾಕಿಸ್ದೆ. ತುರ್ತು ಪೀಠ, ವಿಡಿಯೋದಲ್ಲೇ ವಿಚಾರಣೆ! ನಿಮ್ಮನ್ನ ಕೇಳೋಣ ಅಂದ್ರೆ ಫೋನ್ ಹತ್ತಲಿಲ್ಲ. ಬೆಳಗ್ಗಿನ ಆದೇಶ ರದ್ದು! ಆಪತ್ತಿನ ಹೊತ್ತಲ್ಲಿ ಲೈಸೆನ್ಸುದಾರನ ಕೋವಿ ಯಾರೂ ತಗೊಳ್ಳೋ ಹಾಗಿಲ್ಲ. ತಗೊಂಡಿದ್ರೆ ಸಂಜೆಯೊಳಗೆ ವಾಪಸ್ ಕೊಡಬೇಕು!"

ಇನ್‌ಸ್ಪೆಕ್ಟರು ರೇನ್‌ಕೋಟಿನೊಳಗಿಂದ ಕೋವಿ ತೆಗೆದು ಎರಡೂ ಕೈಯಲ್ಲಿ ಮುಂದೆ ಹಿಡಿದರು. ಅವರ ಮುಖದಲ್ಲಿ ನಿಜವಾದ ಮರುಕವಿತ್ತು.

"ಸಾರ್, ನೀವೇ ಇಟ್ಕೊಳ್ಳಿ," ಎಂದರು ಲೈಬ್ರರಿಯವರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ನಾನಾಗೇ ಕೊಡ್ತಿದೀನಿ. ಖುಷಿಯಿಂದ ಕೊಡ್ತಿದೀನಿ."

"ಇಟ್ಕೊಳ್ಳೋ ಹಾಗಿಲ್ಲ. ಇಟ್ಕೊಂಡ್ರೆ ನನ್ನ ಕೆಲಸ ಹೋಗುತ್ತೆ."

"ವಕೀಲ್ರೇ, ಯಾರೂ ತಗೊಳ್ಳೋ ಹಾಗಿಲ್ವಾ?"

"ಯಾರೂ!" ವಕೀಲರು ಎದೆಯುಬ್ಬಿಸಿದರು. "ತೀರ್ಪಿನಲ್ಲಿ ನಿಮ್ಮ ಹೆಸರಿದೆ. ಇನ್ಮೇಲೆ ಎಂಥಾ ಪ್ರವಾಹ ಬರಲಿ, ಭೂಕಂಪ ಬರಲಿ, ನಿಮ್ಮ ಕೈಯಿಂದ ಆ ಕೋವಿನ ಯಾರೂ ಬಿಡಿಸೋಕಾಗಲ್ಲ."

ಆರುನೂರು ಜನ ಚಪ್ಪಾಳೆ ತಟ್ಟಿದರು. ಲೈಬ್ರರಿಯವರು ಆಸೆಯ ಕೊನೆಯ ಎಳೆ ಹಿಡಿದು ಹೆಡ್‌ಮಿಸ್ಸಿನತ್ತ ತಿರುಗಿದರು. ಹೆಡ್‌ಮಿಸ್ಸು ತೀರ್ಪನ್ನು ಮೊಬೈಲಿನಲ್ಲಿ ಪೂರ್ತಿ ಓದಿದರು, ಕನ್ನಡಕ ತೆಗೆದರು.

"ತೀರ್ಪು ಸರ್ಕಾರಕ್ಕೆ ಹೇಳಿರೋದು, ಶಾಲೆಗಲ್ಲ. ನಿಮ್ಮ ಹಕ್ಕಿಗೆ ನನ್ನ ಗೌರವ ಇದೆ ಸಾರ್," ಎಂದು ಗೇಟನ್ನು ಅಗಲವಾಗಿ ತೆರೆದು ಹೊರಗಿನ ರಸ್ತೆ ತೋರಿಸಿದರು. "ಅಲ್ಲಿ."

ಮತ್ತೆ ಹನಿ ಬೀಳತೊಡಗಿತು. ಜನ ಜಗಲಿಗೆ ಸರಿದರು. ಲೈಬ್ರರಿಯವರು ಗೇಟಿನಾಚೆ, ಮುಚ್ಚಲು ಚಾಪೆಯೂ ಇಲ್ಲದ ಕೋವಿಯನ್ನು ಅಪ್ಪಿಕೊಂಡು ನಿಂತರು. ಸ್ವಲ್ಪ ಹೊತ್ತಿಗೆ ಜಗಲಿಯ ತುದಿಯಲ್ಲಿ ಅಮ್ಮ ಗೋಡೆ ಹಿಡಿದುಕೊಂಡು ಬಂದು ಕಣ್ಣಿಗೆ ಕೈ ಅಡ್ಡ ಹಿಡಿದರು.

"ಏನೋ ಮಗಾ, ಹೊರಗ್ಯಾಕೆ ನಿಂತಿದೀಯ?"

"ಹಕ್ಕು ಸಿಕ್ತಮ್ಮ."

"ಏನು ಸಿಕ್ತು?"

"ಹಕ್ಕು! ನನ್ನ ಹಕ್ಕು ಸಿಕ್ತು!"

ಅಮ್ಮನಿಗೆ ಈಗ ಕೇಳಿಸಿತು. ಸಂತೋಷದಿಂದ ತಲೆಯಾಡಿಸಿದರು.

"ಹಾಗಾದ್ರೆ ಒಳಗೆ ತಗೊಂಡು ಬಾರೋ. ಅಲ್ಲಿ ನೆನೆಯುತ್ತೆ."